ಕಾವಲ್‌ನಲ್ಲಿ ಹಸುವಿಗೆ ಪ್ರವೇಶವಿಲ್ಲ

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಶ್ರೀಗಂಧದ ಕಾವಲ್‌ನ ಪಾರ್ಕಿನಲ್ಲಿ ಗೌರಿಯ ವಿಚಾರಣೆ ನಡೆಯಿತು. ಆರೋಪ: ಹುಲ್ಲು ತಿಂದಿದ್ದು.

ಗೌರಿ ಅಂದರೆ ಹಸು. ಹಸು ಹುಲ್ಲು ತಿನ್ನದೆ ಪಿಜ್ಜಾ ಆರ್ಡರ್ ಮಾಡುತ್ತದೆಯೇ? ಆದರೆ ಅಸೋಸಿಯೇಷನ್ ಅಧ್ಯಕ್ಷ ರಂಗಸ್ವಾಮಿಯವರ ಪ್ರಕಾರ ಅದು ಹುಲ್ಲಲ್ಲ, ಲಾನ್. ಗೇಟಿಗೆ ಬೀಗ ಜಡಿದು, 'ಹಸುಗಳಿಗೆ ಪ್ರವೇಶವಿಲ್ಲ' ಎಂದು ಬೋರ್ಡ್ ಹಾಕಬೇಕಂತೆ. ಅದನ್ನು ಬರೆದುಕೊಡಬೇಕಾದವನು ನಾನು (ಅಂಕಣಕಾರನಿಗೆ ಬಡಾವಣೆಯಲ್ಲಿ ಸಿಗುವ ಏಕೈಕ ಮರ್ಯಾದೆ).

ಗೌರಿಯ ಒಡತಿ ಜಯಮ್ಮ ಮೂಲೆಯಲ್ಲಿ ನಿಂತಿದ್ದರು. ಸುತ್ತಲಿನ ಖಾಲಿ ಸೈಟುಗಳೆಲ್ಲ ಮನೆಗಳಾಗಿವೆ. ಪಾರ್ಕೂ ಮುಚ್ಚಿದರೆ ಗೌರಿಯನ್ನು ಮಾರದೆ ಬೇರೆ ದಾರಿಯಿಲ್ಲ.

"ನಿಮ್ಮೆಲ್ರ ಮನೇಗೂ ಮೊದಲು ಕಾಲಿಟ್ಟಿದ್ದು ಇವಳೇ ಅಲ್ವಾ ಸಾರ್?" ಅಂದರು.

ನಿಜ. ನಮ್ಮ ಬೀದಿಯ ಪ್ರತಿ ಗೃಹಪ್ರವೇಶಕ್ಕೂ ಗೌರಿಯೇ ಬೇಕು. ರಂಗಸ್ವಾಮಿಯವರಂತೂ ಅವಳನ್ನು ಲಿಫ್ಟಿನಲ್ಲಿ ಮೂರನೇ ಮಹಡಿಗೆ ಹತ್ತಿಸಿ, ಅವಳು ಇಟಾಲಿಯನ್ ಮಾರ್ಬಲ್ ಮೇಲೆ ಸಗಣಿ ಹಾಕಿದಾಗ 'ಶುಭ, ಶುಭ' ಎಂದು ಕೈಮುಗಿದಿದ್ದರು.

ಬೋರ್ಡ್ ಬರೆಯುವ ಬದಲು ನಾನು ಪಾಂಡಿತ್ಯಕ್ಕಿಳಿದೆ. ಕಾವಲ್ ಅಂದರೇನು ಗೊತ್ತೇ? 'ಕಾಯು' ಎಂಬುದರಿಂದ ಹುಟ್ಟಿದ ಮಾತು. ರಾಜರ ಕಾಲದಲ್ಲಿ ದನಗಳ ಮೇವಿಗೆಂದೇ ಕಾಯ್ದಿಟ್ಟ ಬಯಲು. 'ಹುಲ್ಲುಗಾವಲು' ಎಂಬ ಪದದ ಒಳಗೆ ಕೂತಿರುವುದೂ ಇದೇ ಕಾವಲು. ಆಗ ಹುಲ್ಲನ್ನು ಕಾಯುತ್ತಿದ್ದುದು ಹಸುವಿಗಾಗಿ, ಹಸುವಿನಿಂದಲ್ಲ. ಆ ಲೆಕ್ಕದಲ್ಲಿ ಗೌರಿಯೇ ಇಲ್ಲಿನ ಮೂಲನಿವಾಸಿ, ಒತ್ತುವರಿ ಮಾಡಿರುವುದು ನಾವು.

ನಮ್ಮ ಏರಿಯಾಗೆ ಇಂಥಾ ಹೆರಿಟೇಜ್ ಇದೆಯೆಂದು ಗೊತ್ತೇ ಇರಲಿಲ್ಲ ಎಂದು ರಂಗಸ್ವಾಮಿಯವರು ಎದ್ದು ಬಂದು ನನ್ನ ಕೈಕುಲುಕಿದರು. ಸಂಜೆ ಜಯಮ್ಮ, ಬೇಡವೆಂದರೂ ಕೇಳದೆ, ಮನೆಗೆ ಹಾಲು ಕೊಟ್ಟುಹೋದರು. ಗೆದ್ದೆ ಎಂದುಕೊಂಡೆ.

ಈ ವಾರ ಪಾರ್ಕಿಗೆ ಹೆರಿಟೇಜ್ ಬಂದಿದೆ. ನಟ್ಟನಡುವೆ ಒಂದು ಫೈಬರ್ ಹಸು. ಅದರ ಬುಡದ ಗ್ರಾನೈಟಿನಲ್ಲಿ ನಾನು ಹೇಳಿದ್ದೆಲ್ಲ ಕೆತ್ತಿಸಿದ್ದಾರೆ (ಒತ್ತುವರಿಯ ಮಾತೊಂದನ್ನು ಬಿಟ್ಟು). ಸುತ್ತ ಪ್ಲಾಸ್ಟಿಕ್ ಹುಲ್ಲು. ಗೇಟಿಗೆ ಬೀಗ. ಗೌರಿ ಒಳಗೆ ನುಗ್ಗಿ ಆ ಹಸುವಿಗೆ ಗುದ್ದದಿರಲೆಂದು ಒಬ್ಬ ಸೆಕ್ಯುರಿಟಿ ಬೇರೆ.

ಗೌರಿ ಕಂಬಿಯಾಚೆ ನಿಂತು ನೋಡುತ್ತಿದ್ದಾಳೆ. ಜಯಮ್ಮ ಗಿರಾಕಿ ಹುಡುಕುತ್ತಿದ್ದಾರೆ. ಸುದ್ದಿ ಕೇಳಿ ರಂಗಸ್ವಾಮಿಯವರು ನಿಜಕ್ಕೂ ಗಾಬರಿಯಾದರು.

"ಮುಂದಿನ ತಿಂಗಳು ನಮ್ಮ ಮಗಳ ಮನೆ ಗೃಹಪ್ರವೇಶ ಇದೆ ಸಾರ್. ಅಲ್ಲೀವರೆಗೂ ಮಾರ್ಬೇಡಿ ಅಂತ ಸ್ವಲ್ಪ ಹೇಳಿ."

ಯಾಕೆ, ಆ ಫೈಬರ್ ಹಸುವನ್ನೇ ಲಿಫ್ಟ್ ಹತ್ತಿಸಬಾರದೇ?