ನಾಲ್ಕು ಗಂಟೆಯ ನೆರಳು

ಬೀದಿಯವರೆಲ್ಲ ‘ಮೀಟರ್ ಮಾವ’ ಎಂದು ಕರೆಯುವ ಈ ದರ್ಜಿ ಕೂತಲ್ಲಿ ಕೂತವರಲ್ಲ. ದೀಪ, ಒಲೆ, ಸ್ನಾನದ ಬಿಸಿನೀರು, ಹೊಲಿಗೆ ಯಂತ್ರ ಎಲ್ಲವನ್ನೂ ಸೂರ್ಯನಿಗೆ ಒಪ್ಪಿಸಿದ ಮೇಲೆ ಮನುಷ್ಯ ನೆಮ್ಮದಿಯಾಗಿರಬೇಕಲ್ಲವೇ? ಇವರದು ಅಂದಿನಿಂದ ಕಾಲು ಸುಟ್ಟ ಬೆಕ್ಕಿನ ಪಾಡು. ಯಂತ್ರದ ಎದುರಿನ ಗೋಡೆಯಲ್ಲಿ ಬಿಸಿಲಿನ ಕರೆಂಟು ತೋರಿಸುವ ಮೀಟರಿನ ಅಂಕಿ ಒಂದಿಷ್ಟು ಇಳಿದರೆ ಸಾಕು, ಗಿರಾಕಿಯ ತೋಳಿನ ಅಳತೆಯನ್ನು ಅರ್ಧಕ್ಕೇ ಬಿಟ್ಟು, ಟೇಪನ್ನು ಕೊರಳಿಗೆ ಹಾಕಿಕೊಂಡೇ ತಾರಸಿಗೆ ಓಡುತ್ತಾರೆ. ಸೋಲಾರ್ ಪ್ಯಾನೆಲ್ ಮೇಲೆ ಕಾಗೆ ಕೂತಿದ್ದರೆ ಕಾಗೆಗೆ ಬೈಗುಳ, ಪಕ್ಕದ ಮನೆಯ ಬೆಡ್‌ಶೀಟು ಹಾರಿಬಂದು ಬಿದ್ದಿದ್ದರೆ ಪಕ್ಕದ ಮನೆಗೆ. ಮೋಡ ಕಂಡರಂತೂ ಅಲ್ಲಿಂದಲೇ ಕೂಗು: “ಲೇ, ಬೇಗ ಸ್ನಾನ ಮುಗ್ಸು, ಮೋಡ ಬರ್ತಾ ಇದೆ!” “ಸೋಪು ಹಚ್ಕೊಂಡಿದ್ದೀನಿ ಕಣ್ರೀ, ಮೋಡಕ್ಕೇ ಸ್ವಲ್ಪ ನಿಲ್ಲೋಕೆ ಹೇಳಿ,” ಎನ್ನುತ್ತಾರೆ ಹೆಂಡತಿ ಬಚ್ಚಲಿನಿಂದ. ತಾರಸಿಯ ಕೋಣೆಯಲ್ಲಿ ದರ್ಜಿಯ ಅಪ್ಪ ಒಬ್ಬರೇ ಇದ್ದಾರೆ, ಯಾರಾದರೂ ‘ಹೇಗಿದ್ದೀರಿ’ ಎಂದು ಇಣುಕಿದರೆ “ಇನ್ನೂ ಇದ್ದೀನಿ, ಹೋಗು!” ಎಂದು ಸಿಡುಕುವ ಮುದುಕ. ದಿನಾ ನಾಲ್ಕಕ್ಕೆ ಅವರು ಕುರ್ಚಿಯನ್ನು ಸರಿಯಾಗಿ ಪ್ಯಾನೆಲ್ ಮುಂದೆಯೇ ಎಳೆದುಕೊಂಡು, ಪೇಪರನ್ನು ಅಗಲಕ್ಕೆ ಬಿಡಿಸಿ ಕೂರುತ್ತಾರೆ. ಕೆಳಗೆ ಅಂಕಿ ಇಳಿಯುತ್ತದೆ. ಆಗ ಮಾತ್ರ ದರ್ಜಿ ಕದಲುವುದಿಲ್ಲ. ಬೆಳಗಿನಿಂದ ಮೊದಲ ಸಲ ಗೋಡೆಗೆ ಬೆನ್ನು ಕೊಟ್ಟು ಚಹಾ ಕುಡಿಯುತ್ತಾರೆ. ನಾಲ್ಕೂಕಾಲಾದರೂ ಅಂಕಿ ಇಳಿಯದ ದಿನ ಲೋಟವನ್ನು ಅಲ್ಲೇ ಕುಕ್ಕಿ, ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗುತ್ತಾರೆ, ಏದುಸಿರು ನುಂಗಿಕೊಂಡು, “ಅಪ್ಪಾ, ಇವತ್ತು ಹೊರಗೆ ಕೂರಲ್ವಾ?” ಎಂದು ಕೇಳಿ, ಒಳಗಿನಿಂದ ಬೈಗುಳ ಬರುವವರೆಗೂ ಬಾಗಿಲಲ್ಲೇ ನಿಂತಿರುತ್ತಾರೆ.