ಚಾಚಾನ ಹರಳಿನ ಬಟ್ಟಲು

ನನ್ನ ಅಕ್ಷರ ಸೊಟ್ಟ, ಗೊತ್ತಿರುವ ಮಾತೂ ಕಡಿಮೆ, ಓದುವವರು ಕ್ಷಮಿಸಬೇಕು. ಗೋವಾದ ಕಲಂಗುಟ್‌ನಲ್ಲಿ ನಮ್ಮ ಬಟ್ಟೆ ಅಂಗಡಿಯ ಎದುರಿಗೆ ದಾವಲಮಲಿಕ ಚಾಚಾ ಮೀನಾಕಾರಿ ಬಟ್ಟಲು ಮಾರುತ್ತಾರೆ. ಮೈಯೆಲ್ಲ ನವಿಲುನೀಲಿ ಬಣ್ಣ, ಅಂಚಿಗೆ ಅಂಟಿಸಿದ ಕೆಂಪು ಹರಳು. ದಿನಕ್ಕೆ ಹತ್ತು ಸಲ ಒಣಬಟ್ಟೆಯಿಂದ ಒರೆಸುತ್ತಾರೆ, ಸೀನು ಬಂದರೆ ಬೀದಿಗೆ ಓಡುತ್ತಾರೆ. ಅವ್ವ ಚಹಾ ಕೊಡಲು ಹೋದರೆ, "ದೂರ ಇಡು ಸಾವಂತ್ರೆವ್ವ, ಹಸಿ ತಾಗಿದ್ರ ಹರಳು ಉದುರ್ತಾವ!" ಎನ್ನುತ್ತಾರೆ. "ಹಂಗಾರ ಇದ್ರಾಗ ಕುಡಿಯೋರು ಯಾರ್ರೀ ಚಾಚಾ?" ಎಂದು ಅವ್ವ ನಗುತ್ತಾಳೆ. "ನವಾಬರು ಬರ್ತಾರ, ತಡಿ!" ಅವರ ಹೆಂಡತಿ ಜೈನಬ ಚಾಚಿ ತೀರಿಕೊಂಡ ಮೇಲೆ ಇದು ಮೊದಲ ರಂಜಾನ್ ಹಬ್ಬ. ಇವತ್ತು ಬೆಳಿಗ್ಗೆ ತಾವೇ ಹಬ್ಬದ ಶಾವಿಗೆ ಪಾಯಸ ಸುರಕುಂಬಾ ಕಾಯಿಸಿ, ಆ ಹರಳಿನ ಬಟ್ಟಲುಗಳಿಗೇ ಹಾಕಿ, ಸಾಲಾಗಿ ಇಟ್ಟು, ಬೀದಿ ನೋಡುತ್ತ ಕುಳಿತಿದ್ದಾರೆ. ಇನ್ನೂ ಯಾರೂ ಬಂದಿಲ್ಲ. ಕರೆಯದೆ ಹೋಗಲು ನನಗೆ ಭಾಳ ನಾಚಿಕೆ. ಆದರೂ ಈಗ ಪೆನ್ನು ಮುಚ್ಚಿಟ್ಟು ಹೋಗಿ, ಒಂದು ಬಟ್ಟಲು ಕುಡಿಯುತ್ತೇನೆ.