ಸೂತಕದೊಳಗ ಜಾರುಬಂಡಿ ಆಡಿದ ವ್ಯಾಸರಾಜ

ವ್ಯಾಸರಾಜನನ್ನು ನಾನು ಮೊದಲು ನೋಡಿದ್ದು ನನ್ನ ಮದುವಿಯ ಮರುದಿನ. ಕಲಾದಗಿಯೊಳಗ ಮದುವಿ ಆಗಿ, ಬಾದಾಮಿಗೆ ಗಂಡನ ಮನಿಗೆ ಹೊರಟ ಬಸ್ಸಿನೊಳಗ ಕಿಟಕಿ ಹತ್ತರ ಕೂತಿದ್ದೆ. ಅಂವ ನಮ್ಮ ಯಜಮಾನರ ಅಣ್ಣನ ಮಗ, ಆಗ ಆರು ವರ್ಷದಾಂವ. ಮುಂದ ಬಂದು ನಿಂತು, "ಹೊಸಾ ಕಾಕು, ಏಳ್ರಿ. ಕಿಟಕಿ ನಂದು" ಅಂದ. ಮದುಮಗಳನ್ನ ಎಬ್ಬಸ್ತಾನ ಅಂತ ಯಾರಾದರೂ ಬೈದಾರು ಅಂದುಕೊಂಡೆ. ಎಲ್ಲರೂ ನಕ್ಕರು. ನಾನು ಎದ್ದೆ. ಅಂವ ಕೂತು, ಊರು ದಾಟೂದರೊಳಗ ನಿದ್ದಿ ಹೋದ. ಹೊರಗ ಒಂದು ಗಿಡಾ ಸುದ್ದಾ ನೋಡಲಿಲ್ಲ.

ಅಂವನ ಬಗ್ಗೆ ಬರಿಯುವಂಥಾ ದೊಡ್ಡ ಸಂಗತಿ ಏನೂ ಇಲ್ಲ. ಇಲಕಲ್ಲಿನ ಒಂದು ಹೈಸ್ಕೂಲಿನೊಳಗ ಮಾಸ್ತರ. ಹೆಂಡತಿ ವರದಾ, ಮಗಳು ಗೌತಮಿ, ಮಗ ದೀಪಕ. ತಾನು ಸಾಲಿ ಕಲಿಯುವಾಗ ನಮ್ಮ ಮನಿಯೊಳಗ ಇದ್ದ. ನಮಗ ಮಕ್ಕಳಾಗಲಿಲ್ಲ. ಯಜಮಾನರು ಅಂವನನ್ನೇ ಮಗಾ ಅಂತ ತಿಳಿದಿದ್ದರು. "ನಾ ಸತ್ತರ ನೀರು ಬಿಡಾಂವ ಇವನ" ಅಂತ ಬಂದವರ ಮುಂದೆಲ್ಲ ಹೇಳತಿದ್ದರು. ಅಂವ ಹಿಂದ ನಿಂತು ಅವಲಕ್ಕಿ ಮುಕ್ಕತಿದ್ದ.

ಶಾಸ್ತ್ರ ಬಿಟ್ಟಾಂವ ಅಲ್ಲ, ಪಾಲಿಸಿದಾಂವನೂ ಅಲ್ಲ. ಅದರೊಳಗ ತನಗ ಹಿಡಿಸುವಷ್ಟು ಸಂದು ಹುಡುಕತಿದ್ದ. ಏಕಾದಶಿ ದಿನ ಅನ್ನ ಮುಟ್ಟತಿರಲಿಲ್ಲ ಖರೆ. ಸಾಬೂದಾಣಿ ಖಿಚಡಿ, ಬಾಳಿಹಣ್ಣು, ಶೇಂಗಾ ಉಂಡಿ, ಮ್ಯಾಲೆ ಒಂದು ತಂಬಿಗಿ ಹಾಲು. ಉಳಿದ ದಿನಕ್ಕಿಂತ ಹೆಚ್ಚು ತಿಂದು, "ಇವತ್ತು ಉಪವಾಸ ಕಾಕು" ಅಂತ ತೇಗತಿದ್ದ.

ಕರೋನಾ ಎರಡನೇ ಸಲ ಏರುವ ಹೊತ್ತಿಗೆ ಯಜಮಾನರಿಗೆ ಜ್ವರ ಬಂತು. ಬಾಗಲಕೋಟಿ ದವಾಖಾನಿಗೆ ಒಯ್ದಿವಿ. ಉಳಿಯಲಿಲ್ಲ. ಮನಿಗೆ ಕೊಡಲಿಲ್ಲ. ಬಿಳೇ ಪ್ಲಾಸ್ಟಿಕ್ ಅಂಗಿ ತೊಟ್ಟವರು ಅಲ್ಲೇ ಸುಟ್ಟರು. ವ್ಯಾಸರಾಜ ದೂರ, ಗೇಟಿನ ಆಚೆ ನಿಂತು ಕೈ ಮುಗಿದ.

ನಮ್ಮ ಮನಿತನದ ಪುರೋಹಿತ ಆಚಾರ್ರು ಹೇಳಿದರು: "ಹತ್ತೂ ದಿನದ ಕರ್ಮ ಕೂಡಿಸಿ ಹತ್ತನೇ ದಿನ ಪಟ್ಟದಕಲ್ಲಿನ ಹೊಳಿ ದಂಡಿಗೆ ಮಾಡೋಣ. ಅಲ್ಲೀತನಕ ವ್ಯಾಸರಾಜ, ನೀ ಮನ್ಯಾಗ ನೇಮದಿಂದ ಇರು." ಅಂವ ತಲಿ ಅಲ್ಲಾಡಿಸಿ ಇಲಕಲ್ಲಿಗೆ ಹೋದ.

ಆ ಹತ್ತು ದಿನ ಸತ್ತವರು ಹಸಿದು, ನೀರಡಿಸಿ ಇಲ್ಲೇ ಸುಳೀತಾರ, ಪಿಂಡ ಇಟ್ಟು ನೀರು ಬಿಟ್ಟ ಮ್ಯಾಲೆ ಅವರಿಗೆ ದಾರಿ ಸಿಗತದ ಅಂತ ನಮ್ಮ ನಂಬಿಕೆ. ಕಡೀಗೆ ಒಂದು ಗುಟುಕು ನೀರು ನನ್ನ ಕೈಯಿಂದ ಕುಡಿಯಲಾರದೆ ಹೋದವರು ಅವರು. ನನಗ ಅದೊಂದು ಕೆಲಸ ಆಗಬೇಕಿತ್ತು. ಮತ್ತೇನೂ ಬ್ಯಾಡಾಗಿತ್ತು.

ನಡುವ ಒಂದು ದಿನ, ಹೊಳಿಗೆ ಏನೇನು ತರಬೇಕು ಅಂತ ಕೇಳಲಿಕ್ಕೆ ಅಂವಗ ಫೋನ್ ಹಚ್ಚಿದೆ. ಆ ಕಡೆ ಮಂದಿ ಚೀರೂದು, ನೀರು ಧಬಧಬ ಬೀಳೂದು ಕೇಳಿಸಿತು.

"ಏನೋ ಇದು ಗದ್ದಲ?"

"ಮಳಿ ಕಾಕು. ಭಾಳ ಮಳಿ."

"ಇಂಥಾ ಬ್ಯಾಸಗಿಯೊಳಗ ಇಲಕಲ್ಲಿಗೆ ಮಳಿ?"

ಅಷ್ಟರಾಗ ಗೌತಮಿಯ ಧ್ವನಿ: "ಅಪ್ಪಾ, ಈ ಸಲಾ ತಲಿ ಮುಂದ ಮಾಡಿ ಜಾರು! ದೀಪ್ಯಾನ ಹಿಂದ ನೀನ!"

ಆಗ ಅಂವ ಒಪ್ಪಿಕೊಂಡ. ಹೈವೇ ಹಿಡಿದು ದೂರದ ಒಂದು ಆಟದ ಪಾರ್ಕಿಗೆ, ನೀರಿನ ಜಾರುಬಂಡಿ ಇರುವಲ್ಲಿಗೆ, ಹೆಂಡತಿ ಮಕ್ಕಳನ್ನ ಕರಕೊಂಡು ಹೋಗಿದ್ದ. ಬುಕಿಂಗ್ ಮೊದಲೇ ಆಗಿತ್ತಂತ.

"ನೀ ಸೂತಕದಾಗ ಇದ್ದೀ ವ್ಯಾಸಾ. ಕರ್ಮ ಮಾಡಾಂವ ಇದ್ದೀ."

"ತಡೀರಿ ಕಾಕು, ವಿಚಾರ ಮಾಡ್ರಿ. ಸೂತಕದಾಗ ಗುಡಿಗೆ ಹೋಗಬಾರದು. ಹೋಗಿಲ್ಲ. ಮದುವಿ ಮುಂಜವಿಗೆ ಹೋಗಬಾರದು. ಹೋಗಿಲ್ಲ. ಮಂದಿ ಮನ್ಯಾಗ ಉಣಬಾರದು. ಅವಲಕ್ಕಿ ಕಟಗೊಂಡು ಬಂದೀವಿ, ಉಳ್ಳಾಗಡ್ಡಿ ಸುದ್ದಾ ಹಾಕಿಲ್ಲ. ಜಾರುಬಂಡಿ ಆಡಬಾರದು ಅಂತ ಯಾವ ಗ್ರಂಥದಾಗ ಅದ ಹೇಳ್ರಿ ನೋಡೋಣ?"

"ಗ್ರಂಥ ಬರದವರಿಗೆ ನೀ ಹುಟ್ಟತೀ ಅಂತ ಗೊತ್ತಿರಲಿಲ್ಲೋ."

"ಕರ್ಮ ಇನ್ನೂ ಶುರುನೂ ಆಗಿಲ್ಲಲ್ರಿ!"

"ಕರೋನಾ ಶುರು ಆಗೇದಲ್ಲೋ?"

"ಇಡೀ ದಿನಾ ನೀರಾಗ ಇರ್ತೀವಿ ಕಾಕು. ನೀರಾಗ ಔಷಧ ಹಾಕಿರ್ತಾರ. ಮಡಿಗಿಂತ ಮಡಿ."

ಉಳಿದದ್ದು ವರದಾ ಮರುದಿನ ಫೋನಿನೊಳಗ ಹೇಳಿದಳು. ಪಂಜೆ ಉಟಗೊಂಡು ನೀರಿಗೆ ಇಳಿಯುವಂಗಿಲ್ಲ ಅಂತ ಅಲ್ಲಿಯವರು ತಡದರಂತ. ಮನಿಯೊಳಗ ಮಡಿ ಬಟ್ಟಿ ಒಣಹಾಕಿದ ಕೋಲಿಗೆ ಗೌತಮಿಯ ಲಂಗಾ ತಾಗಿದರ ಮನಿ ತಲಿ ಮ್ಯಾಲೆ ಮಾಡಾಂವ, ಅಲ್ಲಿ ಯಾರ್ಯಾರೋ ಹಾಕಿ ಬಿಚ್ಚಿದ ಬಾಡಿಗಿ ಚಡ್ಡಿ ಹಾಕಿಕೊಂಡ. ಕರ್ಮಕ್ಕ ಅಂತ ಬಿಟ್ಟ ಗಡ್ಡ, ಮೈಮ್ಯಾಲೆ ಜನಿವಾರ, ಗದ್ದಕ್ಕ ಮಾಸ್ಕು. ಸಾಲಿ ಹುಡುಗರಿಗೆ ಮಾಸ್ಕಿನ ಮ್ಯಾಲೆ ಭಾಷಣ ಮಾಡಿದಾಂವನೂ ಇವನ. ಅಂತರ ಬಿಟ್ಟು ನಿಲ್ಲಲಿ ಅಂತ ನೆಲದ ಮ್ಯಾಲೆ ಬಳದಿದ್ದ ದುಂಡಗಿನ ಗುರುತುಗಳೊಳಗ ಇವರು ನಾಲ್ಕೂ ಮಂದಿ ಒಂದರಾಗೇ ನಿಂತರಂತ, ಹಿಂದಿನವರು ಬೆನ್ನಿಗೆ ಅಂಟಿಕೊಂಡು. ಬಾಯಿ ತೆಗದು ಚೀರಿಕೋತ ಏಳು ಸಲ ಜಾರಿದ.

"ನೀ ಬ್ಯಾಡ ಅನ್ನಲಿಲ್ಲೇನ ವರದಾ?" ಅಂದೆ.

"ಅಂದೆ ಕಾಕು. ನಿನಗ ಶಾಸ್ತ್ರ ತಿಳಿಯೂದಿಲ್ಲ ಅಂದ್ರು."

ಹತ್ತನೇ ದಿನಕ್ಕ ಇನ್ನೊಂದು ದಿನ ಇರುವಾಗ ಅಂವನ ಫೋನ್ ಬಂತು. ಧ್ವನಿ ಕಟ್ಟಿತ್ತು. "ಕಾಕು, ನಾಲ್ಕೂ ಮಂದಿಗೆ ಪಾಸಿಟಿವ್. ನನಗ ಏಳಲಿಕ್ಕೂ ಆಗೂದಿಲ್ಲ."

"ಎಲ್ಲಿಂದ ಹತ್ತಿತೋ?"

"ಮತ್ತೆಲ್ಲಿಂದ? ಕಾಕಾನಿಂದನ ಬಂದಿರಬೇಕು."

ಗೇಟಿನ ಆಚೆ ನಿಂತು ಕೈ ಮುಗಿದವನಿಗೆ ಸತ್ತವರು ರೋಗ ಹಚ್ಚಿದರು!  ಫೋನ್ ಇಟ್ಟೆ.

ಹುನಗುಂದದೊಳಗ ಯಜಮಾನರ ಕುಲದ ಇನ್ನೊಂದು ಭಾವುಬಂದರ ಮನಿ ಇತ್ತು, ಕರ್ಮಕ್ಕ ಬರ್ರಿ ಅಂತ ಕೇಳಿದೆ. ಅವರು ಅಂಜಿದರು. ಅವರನ್ನ ನಾನು ಅನ್ನೂದಿಲ್ಲ, ಆಗ ಅಂಜೂದು ಶಾಣ್ಯಾತನ. ಸಂಜಿತನಕ ಕಟ್ಟಿಯ ಮ್ಯಾಲೆ ಕೂತೆ. ನೀರಡಿಸಿದವರು ಹಂಗೇ ಉಳಿದರ ಏನು ಗತಿ ಅನ್ನೂದು ಒಂದೇ ತಲಿಯೊಳಗ.

ಆಚಾರ್ರು ಬಾಗಲಾಗ ನಿಂತೇ ಹೇಳಿದರು: "ಯಾಕ ಅಂಜತೀರಿ? ಮಗ ಇಲ್ಲದಲ್ಲಿ ಹೆಂಡತಿಗೇ ಅಧಿಕಾರ. ನೀವು ದರ್ಭಿ ನನ್ನ ಕೈಯಾಗ ಕೊಟ್ಟು, ನನ್ನ ಪರವಾಗಿ ಮಾಡ್ರಿ ಅಂದರ ಸಾಕು. ನಾ ಮಾಡ್ತೇನಿ."

ಓಣಿಯ ಕಲ್ಲಪ್ಪ ತನ್ನ ಮೂರು ಗಾಲಿಯ ಟಂಟಂದಾಗ ನಮ್ಮನ್ನ ಪಟ್ಟದಕಲ್ಲಿಗೆ ಒಯ್ದ. ಮಲಪ್ರಭಾ ಹೊಳಿಯೊಳಗ ನೀರು ಪಾದ ಮುಳುಗುವಷ್ಟ ಇತ್ತು. ದರ್ಭಿ ಕೊಟ್ಟೆ. ಆಚಾರ್ರು ಪಿಂಡ ಇಟ್ಟರು, ನೀರು ಬಿಟ್ಟರು. ಇನ್ನ ಕಾಗಿ ಮುಟ್ಟಬೇಕು. ಒಂದು ಕಾಗಿ ಬಂದು ಕಲ್ಲಿನ ಮ್ಯಾಲೆ ಕೂತಿತು. ಮುಟ್ಟಲಿಲ್ಲ.

"ಏನೋ ಆಸೆ ಉಳದದ. ಮಾತು ಕೊಡ್ರಿ" ಅಂದರು ಆಚಾರ್ರು.

"ಮನಿ ದೀಪ ಆರಸೂದಿಲ್ಲ" ಅಂದೆ. ಮುಟ್ಟಲಿಲ್ಲ. "ನನ್ನ ಔಷಧ ತಪ್ಪಸೂದಿಲ್ಲ" ಅಂದೆ. ಕಾಗಿ ಕತ್ತು ಆಚೆ ತಿರುವಿತು.

ದೂರ ನಿಂತ ಕಲ್ಲಪ್ಪ ಕೂಗಿದ: "ಅವ್ವಾರ, ಆ ಮಾಸ್ತರನ ಮ್ಯಾಲೆ ಸಿಟ್ಟು ಮಾಡಂಗಿಲ್ಲ ಅನ್ರಿ! ನಿಮ್ಮ ರಾಯರಿಗೆ ಅಂವ ಅಂದ್ರ ಜೀವ ಇತ್ತು."

ಆ ಮಾತು ನನ್ನ ನಾಲಿಗಿಗೆ ಬರಲಿಕ್ಕೆ ಭಾಳ ಹೊತ್ತು ಹಿಡೀತು. ಬಿಸಿಲು ಏರಿತು. ಅಂವನ ಚಡ್ಡಿ ಕಣ್ಣ ಮುಂದ ಬಂತು. ಕಡೀಕ, "ಆತು, ವ್ಯಾಸಾನ ಮ್ಯಾಲೆ ಸಿಟ್ಟು ಮಾಡೂದಿಲ್ಲ" ಅಂದೆ. ಕಾಗಿ ಹಾರಿ ಬಂದು ನಡುವಿನ ಪಿಂಡಕ್ಕ ಬಾಯಿ ಹಾಕಿತು. ನಾನು ಅಲ್ಲೇ ಕೂತು ಅತ್ತೆ. ಅವರಿಗೆ ನೀರು ಮುಟ್ಟಿತು.

ಕೊಟ್ಟ ಮಾತು ಉಳಿಸೇನಿ. ಇದನ್ನೂ ಸಿಟ್ಟಿನಿಂದ ಬರಿಯಾಕತ್ತಿಲ್ಲ. ಆದದ್ದನ್ನ ಆದಂಗ ಬರದರ ಅಂವ ಹಿಂಗ ಕಾಣತಾನ, ನಾ ಏನು ಮಾಡಲಿ.

ನಾಲ್ಕೂ ಮಂದಿ ಉಳದರು, ದೇವರು ದೊಡ್ಡಾಂವ. ಮೈಯಾಗ ಶಕ್ತಿ ಬಂದ ಮ್ಯಾಲೆ ವ್ಯಾಸರಾಜ ಬಾದಾಮಿಗೆ ಬಂದ. ಸೊರಗಿದ್ದ. ಚಹಾ ಕುಡಿದು, ಫೋನ್ ತೆಗದು ಪಾರ್ಕಿನವರು ಹೊಡದ ಫೋಟೋ ತೋರಿಸಿದ. ಜಾರಿ ಬರುವಾಗಿನದು. "ಹೆಂಗ ಬಂದದ ನೋಡ್ರಿ ಕಾಕು."

"ಬಾಯಿ ಛೊಲೊ ಬಂದದ" ಅಂದೆ.

ಆಮ್ಯಾಲೆ ಹೊಳಿಯ ಸಂಗತಿ ಕೇಳಿದ. ಎಲ್ಲಾ ಹೇಳಿದೆ: ದರ್ಭಿ ಕೊಟ್ಟದ್ದು, ಕಾಗಿ ಕೂತದ್ದು, ಕಲ್ಲಪ್ಪ ಕೂಗಿದ್ದು. ಅಂವ ಕಣ್ಣಿನ ಚಾಳೀಸು ತೆಗದು ಒರಸಿಕೊಂಡ. ಕಣ್ಣು ತುಂಬ್ಯಾವ, ಕಾಕಾನ್ನ ನೆನಸ್ಯಾನ ಅಂದುಕೊಂಡೆ. ಚಾಳೀಸು ಹಾಕಿಕೊಂಡು, ಹತ್ತರ ಸರದು ಕೂತ. ಸಣ್ಣ ಧ್ವನಿಯೊಳಗ ಕೇಳಿದ: 

"ಹಂಗಾರ ಕಾಕು, ವರ್ಷಾ ವರ್ಷದ ಶ್ರಾದ್ಧಕ್ಕೂ ಆಚಾರ್ರ ಕೈಯಾಗ ದರ್ಭಿ ಕೊಟ್ಟುಬಿಟ್ರ ನಡೀತದೇನ್ರಿ?"